ಮಂಡ್ಯದ ಅಂಗಡಿಯಲ್ಲಿ ವಿಂಡೋಸ್ 10ರ ಪಕ್ಕ ಎಕ್ಸ್‌ಪಿ ಕೂರಿಸಿದ್ದು

2019ರ ಆಷಾಢ. ಮಂಡ್ಯದಿಂದ ಚಿಕ್ಕಪ್ಪನ ಫೋನು. "ಲೋ, ಹಳೇ ಮಷಿನ್ನು ಮಲಗ್ಬುಡ್ತು ಕಣ್ಲಾ. ಯಾವಾಗ ಬತ್ತೀಯ?"

ಚಿಕ್ಕಪ್ಪನದು ಪೇಟೆ ಬೀದಿ ಕಡೆ ಒಂದು ಸಣ್ಣ ಡಿಟಿಪಿ ಅಂಗಡಿ. 2003ರಿಂದ ಇದೆ. ಮದುವೆ ಕಾರ್ಡು, ಬೀಗರ ಔತಣದ ಕಾರ್ಡು, ತಿಥಿ ಕಾರ್ಡು, ಬಿಲ್ ಬುಕ್ಕು, ಜಾತ್ರೆ ಕರಪತ್ರ, ಹೀಗೆ ಬಂದಿದ್ದೆಲ್ಲ ಮಾಡುತ್ತಾರೆ. ಆಷಾಢದಲ್ಲಿ ಮದುವೆ ಇಲ್ಲ, ಹಾಗಾಗಿ ಮಷಿನ್ನು ಒಳ್ಳೇ ಟೈಮ್ ನೋಡಿಕೊಂಡೇ ಕೈಕೊಟ್ಟಿತ್ತು ಅನ್ನಬೇಕು. ಶ್ರಾವಣ ಹುಟ್ಟೋದರೊಳಗೆ ಸರಿಯಾಗಬೇಕು, ಅಷ್ಟೇ ಅವರ ಷರತ್ತು. ಶನಿವಾರ ಬೆಳಗ್ಗೆ ಮೈಸೂರಿನಲ್ಲಿ ರೈಲು ಹತ್ತಿದೆ. ಬ್ಯಾಗಲ್ಲಿ ಒಂದು ಸ್ಕ್ರೂ ಡ್ರೈವರ್ ಸೆಟ್ಟು, ವಿಂಡೋಸ್ 10ರ ಪೆನ್ ಡ್ರೈವು, ಒಂದು ಹೊರಗಿನ ಹಾರ್ಡ್ ಡಿಸ್ಕು. ಮಧ್ಯಾಹ್ನಕ್ಕೆ ಮುಗಿಸಿ ಸಂಜೆ ಗಾಡಿಗೆ ವಾಪಸ್ ಅಂತ ಮನೆಯಲ್ಲಿ ಹೇಳಿ ಬಂದಿದ್ದೆ. ವಾಪಸ್ ಹೋಗಿದ್ದು ಸೋಮವಾರ ಮಧ್ಯಾಹ್ನ.

ಹಳೇ ಮಷಿನ್ ಬಿಚ್ಚಿ ನೋಡಿದೆ. ಮದರ್‌ಬೋರ್ಡ್ ಮೇಲೆ ನಾಲ್ಕು ಕೆಪಾಸಿಟರ್ ಪೂರಿ ಥರ ಉಬ್ಬಿಕೊಂಡಿದ್ದವು. ಹಾರ್ಡ್ ಡಿಸ್ಕ್ ಮಾತ್ರ ಚೆನ್ನಾಗಿತ್ತು, ಪುಣ್ಯಕ್ಕೆ. ಮೊದಲು ಅದರಲ್ಲಿದ್ದದ್ದನ್ನೆಲ್ಲ ಹೊರಗಿನ ಡಿಸ್ಕಿಗೆ ಕಾಪಿ ಹಾಕಿದೆ. ಇನ್ನೊಂದು ಮಷಿನ್ ಅಂಗಡಿಯಲ್ಲೇ ಇತ್ತು. ಎಚ್61 ಚಿಪ್‌ಸೆಟ್ಟಿನ ಬೋರ್ಡು, ಎರಡನೇ ತಲೆಮಾರಿನ ಐ3, 4 ಜಿಬಿ ರ‍್ಯಾಮು, 500 ಜಿಬಿ ಡಿಸ್ಕು, 64 ಬಿಟ್‌ನ ವಿಂಡೋಸ್ 10. ಹಾಗಾದರೆ ತೊಂದರೆ ಏನು, ಅದರಲ್ಲೇ ಕೆಲಸ ಮಾಡಬಹುದಲ್ವಾ ಅಂತ ನೀವು ಕೇಳಬಹುದು. ನಾನೂ ಅದನ್ನೇ ಕೇಳಿದೆ.

ತೊಂದರೆ ಇರೋದು ಅಕ್ಷರದಲ್ಲಿ. ಯೂನಿಕೋಡ್, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಎಲ್ಲ ಮಷಿನ್ನಲ್ಲೂ ಒಂದೇ ಸಂಖ್ಯೆ ಕೊಡೋ ಪದ್ಧತಿ, ಬಳಕೆಗೆ ಬರೋ ಮುಂಚೆ ನಮ್ಮ ಕನ್ನಡ ಸಾಫ್ಟ್‌ವೇರುಗಳೆಲ್ಲ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಇಟ್ಟು ಕೆಲಸ ಮಾಡುತ್ತಿದ್ದವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಬರೀ ಗೀಚು. ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಹೊಡೆದ 'ಶ್ರೀ'ಯನ್ನು ಫಾಂಟ್ ಇಲ್ಲದ ಮಷಿನ್ನಲ್ಲಿ ತೆಗೆದು ನೋಡಿ. ಮೇಲ್ಗಡೆ ಒಂದು ಪುಟಾಣಿ 2, ಅದರ ಪಕ್ಕ ಒಂದಕ್ಕೊಂದು ಅಂಟಿಕೊಂಡ ಸಣ್ಣ ಎ ಮತ್ತು ಇ, ಆಮೇಲೆ ತಲೆ ಮೇಲೆ ಅಲೆ ಹೊತ್ತ ದೊಡ್ಡ ಎ. ಇದು ಶ್ರೀ! ನುಡಿಯದ್ದಾದರೆ ಯೂನಿಕೋಡಿಗೆ ಬದಲಾಯಿಸೋ ಸಲಕರಣೆಗಳಿವೆ, ಚಿಂತೆಯಿಲ್ಲ. ಆದರೆ ಚಿಕ್ಕಪ್ಪ 2003ರಲ್ಲಿ ಸಾಲ ಮಾಡಿ ಕೊಂಡಿದ್ದು ಬೇರೆ ಒಂದು ಕಂಪನಿಯ ಫಾಂಟ್ ಪ್ಯಾಕೇಜು. ಅದರ ಅಕ್ಷರ ಜೋಡಣೆ ಅದಕ್ಕೇ ಗೊತ್ತು. ಜೊತೆಗೆ ಅದು ಓಡಬೇಕಾದರೆ ಹಿಂದೆ ಪ್ರಿಂಟರ್ ಪೋರ್ಟಿಗೆ, ಅದೇ 25 ತೂತಿನ ಪ್ಯಾರಲಲ್ ಪೋರ್ಟಿಗೆ, ಬೆಂಕಿಪೊಟ್ಟಣದಷ್ಟು ದಪ್ಪದ ಒಂದು ಡಾಂಗಲ್, ಅಂದರೆ ಸಾಫ್ಟ್‌ವೇರ್ ಅಸಲಿ ಅಂತ ಸಾಬೀತು ಮಾಡೋ ಬೀಗದ ಕೈ, ಚುಚ್ಚಿರಬೇಕು. ಡಾಂಗಲ್ ಇಲ್ಲ ಅಂದರೆ ಕೀಬೋರ್ಡಲ್ಲಿ ಕನ್ನಡ ಬರಲ್ಲ. ಆ ಡಾಂಗಲ್ಲನ್ನು ವಿಂಡೋಸಿಗೆ ಪರಿಚಯಿಸೋ ಸಣ್ಣ ಪ್ರೋಗ್ರಾಮು, ಅದೇ ಡ್ರೈವರ್, 32 ಬಿಟ್‌ನದ್ದು. 64 ಬಿಟ್ ವಿಂಡೋಸ್ 32 ಬಿಟ್ ಡ್ರೈವರನ್ನು ಒಳಗೇ ಬಿಟ್ಟುಕೊಳ್ಳಲ್ಲ.

ಇನ್ನು ಪುಟ ಜೋಡಿಸೋ ಸಾಫ್ಟ್‌ವೇರ್ ಪೇಜ್‌ಮೇಕರ್. ಕೊನೇ ಆವೃತ್ತಿ 7, ಬಂದಿದ್ದು 2001ರಲ್ಲಿ. ಚಿಕ್ಕಪ್ಪನ ಹದಿನಾರು ವರ್ಷದ ಕೆಲಸ ಪೂರ್ತಿ ಅದರಲ್ಲೇ ಇದೆ. ಹೊಸದಾಗಿ ಯೂನಿಕೋಡಲ್ಲಿ ಮಾಡಿ ಅಂತ ಹೇಳೋದು ಸುಲಭ. ನಾನು ಹೇಳಿದ್ದೇ ತಡ, ಬೆಂಚ್ ಮೇಲೆ ಕೂತಿದ್ದ ಒಬ್ಬ ಗಿರಾಕಿ ಕಡೆ ಕೈ ತೋರಿಸಿದರು. ಹಳ್ಳಿಯವರು, ಬಿಳೀ ಪಂಚೆ, ತಲೆ ಬೋಳಿಸಿದ್ದರು. ಅವರ ತಾಯಿ ತೀರಿಕೊಂಡಿದ್ದರು. 2011ರಲ್ಲಿ ತಂದೆಯ ತಿಥಿ ಕಾರ್ಡ್ ಇದೇ ಅಂಗಡಿಯಲ್ಲಿ ಮಾಡಿಸಿದ್ದರಂತೆ. ಅದನ್ನ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ತಂದಿದ್ದರು. "ಅಪ್ಪುಂದು ಹೆಂಗಿತ್ತೋ ಅವ್ವುಂದೂ ಹಂಗೇ ಬರ್ಬೇಕು" ಅಂದರು. ಆಷಾಢ ಮದುವೆಗೆ ಮಾತ್ರ, ಸಾವಿಗಲ್ಲ. ಕಾರ್ಡು ಸೋಮವಾರ ಬೇಕಿತ್ತು.

ಮೊದಲು ನಾನು ಬುದ್ಧಿವಂತಿಕೆ ತೋರಿಸಿದೆ. ವಿಂಡೋಸ್ 10ರ ಒಳಗೇ ವರ್ಚುವಲ್ ಮಷಿನ್, ಅಂದರೆ ಸಾಫ್ಟ್‌ವೇರಿನಲ್ಲೇ ಒಂದು ನಕಲಿ ಕಂಪ್ಯೂಟರ್, ಮಾಡಿ ಅದರಲ್ಲಿ 32 ಬಿಟ್‌ನ ಹಳೇ ವಿಂಡೋಸ್ ಎಕ್ಸ್‌ಪಿ ಹಾಕಿದೆ. ಅಂಗಡಿಯಲ್ಲಿ ಡಬ್ಬಿ ಸಮೇತ ಕೊಂಡಿದ್ದ ಅಸಲಿ ಸಿಡಿ ಇತ್ತು, ಸರ್ವಿಸ್ ಪ್ಯಾಕ್ 3ರದ್ದು. ಬೆಣ್ಣೆ ಥರ ಓಡಿತು. ಪೇಜ್‌ಮೇಕರ್ ತೆರೆಯಿತು. ಡಾಂಗಲ್ ಮಾತ್ರ ಒಳಗಿನ ಮಷಿನ್ನಿಗೆ ಕಾಣಲೇ ಇಲ್ಲ. ಎರಡು ಗಂಟೆ ಒದ್ದಾಡಿ ಕೈಬಿಟ್ಟೆ. ಚಿಕ್ಕಪ್ಪ ಕಾಫಿ ಲೋಟ ಮುಂದಿಟ್ಟು, "ಏನೇ ಆಗ್ಲಿ, ಹಳೇ ಗಂಡನ ಪಾದವೇ ಗತಿ. ನೇರವಾಗೇ ಹಾಕ್ಬುಡು" ಅಂದರು.

ಒಂದೇ ಡಿಸ್ಕಿನಲ್ಲಿ ಎರಡು ವಿಂಡೋಸ್ ಹಾಕೋದಕ್ಕೆ ಒಂದು ಹಳೇ ನಿಯಮ ಇದೆ. ಹಳೇದನ್ನು ಮೊದಲು ಹಾಕಬೇಕು, ಹೊಸದನ್ನು ಆಮೇಲೆ. ಕಾರಣ ಇಷ್ಟೇ. ಎಕ್ಸ್‌ಪಿ 2001ರ ಮಗು. ಅದು ಎದ್ದೇಳೋದು ಎನ್‌ಟಿಎಲ್‌ಡಿಆರ್ ಅನ್ನೋ ಫೈಲಿನಿಂದ, ಬೂಟ್ ಡಾಟ್ ಐಎನ್‌ಐ ಅನ್ನೋ ಒಂದು ಚೀಟಿ ನೋಡಿಕೊಂಡು. ಎಕ್ಸ್‌ಪಿ ಆದಮೇಲಿನ ವಿಂಡೋಸ್ ವಿಸ್ಟಾ ಬಂದಾಗ ಆ ಪದ್ಧತಿಯನ್ನೇ ತೆಗೆದು ಬೂಟ್ ಮ್ಯಾನೇಜರ್, ಅದು ನೋಡಿಕೊಳ್ಳೋ ಪಟ್ಟಿಗೆ ಬಿಸಿಡಿ ಅಂತ ಬೇರೆ ತಂದರು. ಹೊಸದಕ್ಕೆ ಹಳೇದು ಗೊತ್ತು, ಹಳೇದಕ್ಕೆ ಹೊಸದು ಹುಟ್ಟಿರೋದೇ ಗೊತ್ತಿಲ್ಲ. ಹೊಸದರ ಮೇಲೆ ಹಳೇದನ್ನು ಹಾಕಿದರೆ ಅದು ಬಾಗಿಲಿನ ಬೀಗ ಒಡೆದು ತನ್ನ ಬೀಗ ಜಡಿದು ಕೂರುತ್ತೆ. ನಮ್ಮದು ಉಲ್ಟಾ ಕೇಸು. ವಿಂಡೋಸ್ 10 ತೆಗೆಯೋ ಹಾಗಿಲ್ಲ. ಅದರಲ್ಲೇ ಹೊಸ ಕೋರಲ್ ಡ್ರಾ, ಬ್ಯಾಂಕು, ಇಮೇಲು ಎಲ್ಲ ಇದೆ.

ಈಗ ಯಾರಾದರೂ ಕೇಳಿದರೆ ನಾನು ಹೇಳೋದು ಒಂದೇ. ಇನ್ನೊಂದು ಡಿಸ್ಕ್ ತಂದು, ಹಳೇ ಡಿಸ್ಕಿನ ವೈರ್ ಕಿತ್ತು, ಹೊಸ ಡಿಸ್ಕಿಗೆ ಎಕ್ಸ್‌ಪಿ ಹಾಕಿ, ಆಮೇಲೆ ಎರಡೂ ಸಿಕ್ಕಿಸಿ, ಬೇಕಾದ್ದನ್ನ ಬಯೋಸ್ (ಮಷಿನ್ ಆನ್ ಆದಾಗ ವಿಂಡೋಸ್‌ಗಿಂತ ಮೊದಲು ಏಳೋ ಪ್ರೋಗ್ರಾಮು) ಮೆನುವಿನಲ್ಲಿ ಆರಿಸಿಕೊಳ್ಳಿ. ಒಂದು ಇನ್ನೊಂದರ ಬೂಟ್ ಫೈಲು ಮುಟ್ಟಲ್ಲ, ತಲೆನೋವಿಲ್ಲ. ಹಳೇ ಮಷಿನ್ನಿನ ಡಿಸ್ಕನ್ನೇ ಬಳಸಬಹುದಿತ್ತು, ಆದರೆ ಅದು ಹಳೇ ಐಡಿಇ ಪಟ್ಟಿ ವೈರಿಂದು, ಈ ಬೋರ್ಡಿನಲ್ಲಿ ಆ ಸಾಕೆಟ್ಟೇ ಇರಲಿಲ್ಲ. ಹೊಸದು ಕೊಳ್ಳೋಣ ಅಂದರೆ ಚಿಕ್ಕಪ್ಪ "ಇರೋದ್ರಲ್ಲೇ ಮಾಡ್ಲಾ" ಅಂದುಬಿಟ್ಟರು.

ಎರಡು ವಿಷಯ ನಮ್ಮ ಕಡೆ ಇದ್ದವು. ಡಿಸ್ಕಿನ ಭಾಗಗಳ ಪಟ್ಟಿ ಹಳೇ ಎಂಬಿಆರ್ ಪದ್ಧತಿಯಲ್ಲಿತ್ತು. ಹೊಸ ಜಿಪಿಟಿ ಪದ್ಧತಿ ಆಗಿದ್ದರೆ 32 ಬಿಟ್ ಎಕ್ಸ್‌ಪಿ ಅದರಿಂದ ಬೂಟ್ ಆಗೋದೇ ಇಲ್ಲ, ಕಥೆ ಅಲ್ಲೇ ಮುಗೀತಿತ್ತು. ಇನ್ನೊಂದು, ಬೋರ್ಡಿನ ಹಿಂದೆ ಪ್ಯಾರಲಲ್ ಪೋರ್ಟ್ ಇತ್ತು.

ವಿಂಡೋಸ್ 10ರ ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಜಾಗ ಕುಗ್ಗಿಸಲು ಹೊರಟೆ. 300 ಜಿಬಿ ಖಾಲಿ ಇದೆ, ಅದು ಕೊಡೋದು 18 ಜಿಬಿ. ನಮ್ಮೂರ ಬಸ್ಸಿನಲ್ಲಿ ಹಿಂದೆಲ್ಲ ಖಾಲಿ ಇದ್ದರೂ ಬಾಗಿಲಲ್ಲಿ ಒಬ್ಬ ನಿಂತುಕೊಂಡು ಯಾರನ್ನೂ ಹತ್ತಿಸಲ್ಲ ನೋಡಿ, ಹಾಗೆ. ರ‍್ಯಾಮಿನಲ್ಲಿರೋದನ್ನ ಡಿಸ್ಕಿಗೆ ಇಳಿಸಿಡೋ ಹೈಬರ್ನೇಷನ್ ಫೈಲು, ಪೇಜ್ ಫೈಲು ಮಧ್ಯದಲ್ಲಿ ಕೂತುಕೊಂಡಿರುತ್ತವೆ, ವಿಂಡೋಸ್ ಅವನ್ನ ಅಲ್ಲಾಡಿಸಲ್ಲ. ಎರಡನ್ನೂ ನಿಲ್ಲಿಸಿ, ರೀಸ್ಟಾರ್ಟ್ ಮಾಡಿದ ಮೇಲೆ ದಾರಿ ಬಿಟ್ಟಿತು. ಹೈಬರ್ನೇಷನ್ ನಿಲ್ಲಿಸಿದ್ದರಿಂದ ಫಾಸ್ಟ್ ಸ್ಟಾರ್ಟಪ್ಪೂ ಹೋಯಿತು. ಅದು ಹೋಗಲೇಬೇಕು. ಯಾಕೆಂದರೆ ಫಾಸ್ಟ್ ಸ್ಟಾರ್ಟಪ್ ಇದ್ದಾಗ ವಿಂಡೋಸ್ 10 ಪೂರ್ತಿ ಮಲಗಲ್ಲ, ಅರ್ಧ ಕಣ್ಣು ತೆರೆದೇ ಇರುತ್ತೆ. ಆ ಹೊತ್ತಲ್ಲಿ ಎಕ್ಸ್‌ಪಿ ಬಂದು ಅದೇ ಪಾರ್ಟಿಷನ್ನಿಗೆ, ಅಂದರೆ ಡಿಸ್ಕಿನ ಅದೇ ಭಾಗಕ್ಕೆ, ಏನಾದರೂ ಬರೆದರೆ ಫೈಲುಗಳು ಹಾಳಾಗುತ್ತವೆ.

ಎಕ್ಸ್‌ಪಿಗೆ ಅಂತ 44444 ಎಂಬಿಯ ಪಾರ್ಟಿಷನ್ ಮಾಡಿದೆ. ಈ ಲೆಕ್ಕ ಸುಮ್ನೆ ಅಲ್ಲ. ಎಕ್ಸ್‌ಪಿ ಸೆಟಪ್ಪಿನ ನೀಲಿ ಪರದೆಯಲ್ಲಿ ಎಲ್ಲ ಪಾರ್ಟಿಷನ್ನೂ ಒಂದೇ ಥರ ಕಾಣುತ್ತವೆ, ತಪ್ಪಿ ಬೇರೆದನ್ನ ಫಾರ್ಮ್ಯಾಟ್ ಮಾಡಿದರೆ ಗೋವಿಂದ. ಸಾಲಾಗಿ ನಾಲ್ಕುಗಳನ್ನು ನೋಡಿದರೆ ಗುರುತು ಸಿಗುತ್ತೆ.

ಮಧ್ಯಾಹ್ನ ಮುದ್ದೆ, ಬಸ್ಸಾರು ತಿಂದು ಬಂದು ಸಿಡಿ ಹಾಕಿದೆ. ಎಫ್6 ಒತ್ತಿ ಅಂತ ಕೆಳಗೆ ಒಂದು ಸಾಲು ಬಂತು, ಹೋಯ್ತು. ಒಂದೆರಡು ನಿಮಿಷ. ಆಮೇಲೆ ನೀಲಿ ಪರದೆ, ಆದರೆ ಬೇರೆ ನೀಲಿ. ಕೊನೆಯಲ್ಲಿ 7ಬಿ ಅಂತ ಮುಗಿಯೋ ಉದ್ದನೆಯ ನಂಬರು. ನೋಡಿದ ತಕ್ಷಣ ತಲೆ ಚಚ್ಚಿಕೊಂಡೆ. ಡಿಸ್ಕಿನ ಜೊತೆ ಮಾತಾಡೋ ಪದ್ಧತಿ ಬಯೋಸ್‌ನಲ್ಲಿ ಹೊಸ ಎಎಚ್‌ಸಿಐ ಅಂತ ಇತ್ತು. ಎಕ್ಸ್‌ಪಿ ಸಿಡಿಯಲ್ಲಿ ಎಎಚ್‌ಸಿಐ ಡ್ರೈವರ್ ಇಲ್ಲ. ಡಿಸ್ಕೇ ಕಾಣದೆ ಕುಸಿದು ಬಿದ್ದಿದೆ. ಎಫ್6 ಒತ್ತಿ ಫ್ಲಾಪಿಯಲ್ಲಿ ಡ್ರೈವರ್ ಕೊಡಬಹುದು, ಅಂದರೆ 2019ರಲ್ಲಿ ಮಂಡ್ಯದಲ್ಲಿ ಫ್ಲಾಪಿ ಹುಡುಕಬೇಕು!

ಬಯೋಸ್‌ಗೆ ಹೋಗಿ ಹಳೇ ಪದ್ಧತಿಯ ಐಡಿಇ ಮೋಡ್ ಮಾಡಿದೆ. ಈಗ ಎಕ್ಸ್‌ಪಿ ಸಿಡಿಗೆ ಡಿಸ್ಕ್ ಕಂಡಿತು. ಆದರೆ ಮುಂದೆ ಹೋಗೋ ಮುಂಚೆ ಯಾಕೋ ಅನುಮಾನ ಬಂದು ಒಂದು ಸಲ ವಿಂಡೋಸ್ 10 ಏಳುತ್ತಾ ನೋಡೋಣ ಅಂತ ರೀಸ್ಟಾರ್ಟ್ ಮಾಡಿದೆ. ಏಳಲಿಲ್ಲ. ಅದು ಎಎಚ್‌ಸಿಐಗೆ ಒಗ್ಗಿಕೊಂಡಿತ್ತು, ಐಡಿಇ ಡ್ರೈವರನ್ನು ಶುರುವಿನಲ್ಲಿ ಎಬ್ಬಿಸೋದನ್ನೇ ಬಿಟ್ಟಿತ್ತು. ಅತ್ತೆ ಬಂದರೆ ಸೊಸೆ ಇರಲ್ಲ, ಸೊಸೆ ಬಂದರೆ ಅತ್ತೆ ಇರಲ್ಲ.

ಇದಕ್ಕೆ ಒಂದು ಸುಲಭದ ಉಪಾಯ ಇದೆ, ನನಗೆ ಅವತ್ತು ರಾತ್ರಿ ಗೊತ್ತಾಯ್ತು. ಬಯೋಸ್ ಮತ್ತೆ ಎಎಚ್‌ಸಿಐ ಮಾಡಿ ವಿಂಡೋಸ್ 10ಕ್ಕೆ ಹೋಗಬೇಕು. ಅಡ್ಮಿನ್ ಕಮ್ಯಾಂಡ್ ಪ್ರಾಂಪ್ಟಿನಲ್ಲಿ ಬಿಸಿಡಿ ತಿದ್ದೋ ಬಿಸಿಡಿಎಡಿಟ್ ಬಳಸಿ ಮುಂದಿನ ಸಲ ಸೇಫ್ ಮೋಡಲ್ಲಿ ಏಳು ಅಂತ ಹೇಳಬೇಕು. ರೀಸ್ಟಾರ್ಟ್ ಆಗುವಾಗ ಬಯೋಸ್‌ಗೆ ನುಗ್ಗಿ ಐಡಿಇ ಮಾಡಬೇಕು. ಸೇಫ್ ಮೋಡಲ್ಲಿ ವಿಂಡೋಸ್ ಮೂಲ ಡ್ರೈವರುಗಳನ್ನೆಲ್ಲ ಎಬ್ಬಿಸಿ ನೋಡುತ್ತೆ, ಐಡಿಇ ಸಿಗುತ್ತೆ, ಒಗ್ಗಿಕೊಳ್ಳುತ್ತೆ. ಆಮೇಲೆ ಸೇಫ್ ಮೋಡ್ ಸಾಲು ಅಳಿಸಿದರೆ ಮಾಮೂಲಿನಂತೆ ಬರುತ್ತೆ. ಹತ್ತು ನಿಮಿಷದ ಕೆಲಸ. ವೇಗ ಏನಾದರೂ ಕಡಿಮೆಯಾಯ್ತಾ ಅಂದರೆ, ತಿರುಗೋ ಡಿಸ್ಕಿನಲ್ಲಿ ಕಾರ್ಡ್ ಡಿಸೈನ್ ಮಾಡೋರಿಗೆ ಅಂಥ ವ್ಯತ್ಯಾಸ ಏನೂ ಗೊತ್ತಾಗಲಿಲ್ಲ.

ಭಾನುವಾರ ಬೆಳಗ್ಗೆ ಅಂಗಡಿ ಅರ್ಧ ಬಾಗಿಲು ಎಳೆದುಕೊಂಡು ಮತ್ತೆ ಕೂತೆವು. ಸಿಡಿ, ಎಫ್8, ನಾಲ್ಕು ನಾಲ್ಕು ನಾಲ್ಕು, ಕ್ವಿಕ್ ಫಾರ್ಮ್ಯಾಟ್. ಎಂಟರ್ ಒತ್ತೋ ಮುಂಚೆ ಚಿಕ್ಕಪ್ಪ ಗೋಡೆ ಮೇಲಿದ್ದ ಚಾಮುಂಡಿ ಫೋಟೋ ಕಡೆ ನೋಡಿದ್ದು ನನಗೆ ಕಾಣಿಸಿತು. ಫೈಲ್ ಕಾಪಿ ಆಗಿ, ರೀಸ್ಟಾರ್ಟ್ ಆಗಿ, ಆ ಪರಿಚಯದ ಪರದೆ ಬಂತು. ಇನ್ನು ಸುಮಾರು 39 ನಿಮಿಷ. ಎಕ್ಸ್‌ಪಿ ಹಾಕಿರೋರಿಗೆ ಈ 39 ಮರೆಯಲ್ಲ. ಯಾವ ಮಷಿನ್ನಲ್ಲಿ ಹಾಕಿದರೂ ಅದು 39ರಿಂದಲೇ ಶುರು. 33ಕ್ಕೆ ಬಂದಾಗ ಕರೆಂಟ್ ಹೋಯ್ತು.

ಯುಪಿಎಸ್ ಕುಂಯ್ ಕುಂಯ್ ಅಂತ ನಾಲ್ಕು ನಿಮಿಷ ಹಿಡಿದುಕೊಂಡಿತು. ಆಮೇಲೆ ಕತ್ತಲೆ. ನಾವಿಬ್ಬರೂ ಮಾತಾಡಲಿಲ್ಲ. ಅರ್ಧ ಗಂಟೆ ಬಿಟ್ಟು ಕರೆಂಟ್ ಬಂತು, ಆನ್ ಮಾಡಿದರೆ ಸೆಟಪ್ ಮತ್ತೆ ಶುರು ಮಾಡ್ತಿದ್ದೀನಿ ಅಂತ ತಾನೇ ಹೇಳಿಕೊಂಡು ಮತ್ತೆ 39ರಿಂದ ಹೊರಟಿತು. ಆ ಕಾಲದ ಸಾಫ್ಟ್‌ವೇರಿನ ಈ ಒಂದು ಗುಣ ನನಗೆ ಇಷ್ಟ. ಹೊಡೆತ ತಿಂದರೂ ಎದ್ದು ಧೂಳು ಕೊಡವಿಕೊಳ್ಳುತ್ತೆ.

ಹಸಿರು ಗುಡ್ಡ, ನೀಲಿ ಆಕಾಶ ಬಂದಾಗ ಚಿಕ್ಕಪ್ಪನ ಮುಖ ನೋಡಬೇಕಿತ್ತು. ರೀಸ್ಟಾರ್ಟ್ ಮಾಡಿದೆ. ನೇರವಾಗಿ ಎಕ್ಸ್‌ಪಿಗೇ ಬಂತು. ಇನ್ನೊಂದು ಸಲ. ಮತ್ತೆ ಎಕ್ಸ್‌ಪಿ.

"ಹೊಸ್ದು ಎಲ್ಲೋಯ್ತ್ಲಾ?"

"ಎಲ್ಲೂ ಹೋಗಿಲ್ಲ, ಇದೆ."

"ಇದ್ರೆ ಕಾಣ್ಬೇಕಲ್ಲ."

ನಿಜವಾಗಲೂ ಎಲ್ಲೂ ಹೋಗಿರಲ್ಲ. ಬೂಟ್ ಮ್ಯಾನೇಜರ್ ಫೈಲು ಅದೇ ಜಾಗದಲ್ಲಿರುತ್ತೆ, ಬಿಸಿಡಿಯೂ ಇರುತ್ತೆ. ಬೂಟ್ ಸೆಕ್ಟರಿನಲ್ಲಿ ಯಾರನ್ನ ಕರೀಬೇಕು ಅಂತ ಬರೆದಿರೋ ಸಣ್ಣ ಕೋಡನ್ನ ಮಾತ್ರ ಎಕ್ಸ್‌ಪಿ ಅಳಿಸಿ ತನ್ನದು ಬರೆದಿರುತ್ತೆ. ವಿಂಡೋಸ್ 10ರ ಪೆನ್ ಡ್ರೈವಿನಿಂದ ಬೂಟ್ ಮಾಡಿ, ರಿಪೇರಿಗೆ ಹೋಗಿ, ಕಮ್ಯಾಂಡ್ ಪ್ರಾಂಪ್ಟ್ ತೆಗೆದು, ಅದರ ಬೂಟ್ ಫೋಲ್ಡರಿನಲ್ಲಿರೋ ಬೂಟ್‌ಸೆಕ್ಟ್ ಅನ್ನೋದನ್ನ ಎನ್‌ಟಿ60, ಆಲ್, ಎಂಬಿಆರ್ ಅನ್ನೋ ಮೂರು ಬಾಲಂಗೋಚಿ ಸೇರಿಸಿ ಓಡಿಸಿದೆ. ರೀಸ್ಟಾರ್ಟ್. ಸುತ್ತೋ ಚುಕ್ಕಿಗಳು, ವಿಂಡೋಸ್ 10. ಈಗ ಎಕ್ಸ್‌ಪಿ ಮಾಯ!

ಇದು ನಿರೀಕ್ಷೆ ಮಾಡಿದ್ದೇ. ವಿಂಡೋಸ್ 10ರಿಂದ ಬಿಸಿಡಿಗೆ ಎಕ್ಸ್‌ಪಿಯ ಹೆಸರು ಸೇರಿಸಬೇಕು. ಬಿಸಿಡಿಎಡಿಟ್‌ನಲ್ಲಿ ನಾಲ್ಕು ಸಾಲು. ಎನ್‌ಟಿಎಲ್‌ಡಿಆರ್ ಅಂತ ಒಂದು ನಮೂದು ಹುಟ್ಟಿಸೋದು, ಅದು ಯಾವ ಪಾರ್ಟಿಷನ್ನಲ್ಲಿದೆ ಅಂತ ಹೇಳೋದು, ಫೈಲಿನ ದಾರಿ ಹೇಳೋದು, ಮೆನುವಿನ ಕೊನೆಗೆ ಸೇರಿಸೋದು. ನಾನು ಇಲ್ಲೇ ಎಡವಿದೆ. ಪಾರ್ಟಿಷನ್ ಅಂದ ಕೂಡಲೇ ನಾಲ್ಕು ನಾಲ್ಕರ ಪಾರ್ಟಿಷನ್ ಕೊಟ್ಟೆ. ಫೈಲ್ ಸಿಗಲಿಲ್ಲ ಅಂತು. ಎಕ್ಸ್‌ಪಿ ಇರೋದು ಅಲ್ಲಿ, ಆದರೆ ಅದನ್ನ ಎಬ್ಬಿಸೋ ಎನ್‌ಟಿಎಲ್‌ಡಿಆರ್ ಕೂತಿರೋದು ಡಿಸ್ಕಿನ ಶುರುವಿನಲ್ಲಿರೋ 500 ಎಂಬಿ ಚಿಲ್ಲರೆಯ ಸಿಸ್ಟಮ್ ರಿಸರ್ವ್ಡ್ ಅನ್ನೋ ಪಾರ್ಟಿಷನ್ನಲ್ಲಿ. ಅದೇ ತಾನೇ ಆಕ್ಟಿವ್ ಪಾರ್ಟಿಷನ್, ಮಷಿನ್ ಬೂಟ್ ಆಗೋಕೆ ನೋಡೋದು ಅದನ್ನೇ. ಸರಿಪಡಿಸಿದ ಮೇಲೆ ಮೆನುವಿನಲ್ಲಿ ಎರಡೂ ಹೆಸರು ಬಂದವು. ಜೊತೆಗೆ ಬೂಟ್ ಮೆನು ಪಾಲಿಸಿಯನ್ನ ಲೆಗಸಿ ಅಂತ ಬದಲಾಯಿಸಿದೆ. ಇಲ್ಲದಿದ್ದರೆ ವಿಂಡೋಸ್ 10ರ ಚೆಂದದ ನೀಲಿ ಮೆನು ಮೊದಲು ಅರ್ಧ ವಿಂಡೋಸನ್ನೇ ಲೋಡ್ ಮಾಡಿ, ನೀವು ಎಕ್ಸ್‌ಪಿ ಅಂದ ಮೇಲೆ ಮತ್ತೆ ರೀಸ್ಟಾರ್ಟ್ ಮಾಡುತ್ತೆ. ಕಪ್ಪು ಬಿಳುಪಿನ ಹಳೇ ಮೆನುವೇ ವಾಸಿ.

ಈ ಸಿಸ್ಟಮ್ ರಿಸರ್ವ್ಡ್ ಇನ್ನೊಂದು ತಮಾಷೆ ಮಾಡಿತು. ಎಕ್ಸ್‌ಪಿ ಅದಕ್ಕೆ ಸಿ ಅಂತ ಹೆಸರಿಟ್ಟು, ತಾನು ಇ ಡ್ರೈವಲ್ಲಿ ಕೂತಿತ್ತು. ಫಾಂಟ್ ಪ್ಯಾಕೇಜಿನ ಸೆಟಪ್ಪು ಏನೂ ಕೇಳದೆ ಎಲ್ಲವನ್ನೂ ಸಿ ಡ್ರೈವಿಗೆ ಸುರಿಯೋಕೆ ಹೋಯ್ತು. ಅಲ್ಲಿ ಜಾಗ ಎಲ್ಲಿದೆ? ಅರ್ಧಕ್ಕೆ ನಿಂತಿತು. ಅಳಿಸಿ, ಜಾಗ ಬದಲಾಯಿಸಿ ಇ ಅಂತ ಕೊಟ್ಟು ಮತ್ತೆ ಹಾಕಿದೆ.

ಎಕ್ಸ್‌ಪಿಯನ್ನ ಮೂವತ್ತು ದಿನದೊಳಗೆ ಆಕ್ಟಿವೇಟ್ ಮಾಡಬೇಕಿತ್ತು, ಅಂದರೆ ಅಸಲಿ ಅಂತ ಮೈಕ್ರೋಸಾಫ್ಟಿನಿಂದ ಒಪ್ಪಿಗೆ ಪಡೀಬೇಕಿತ್ತು. ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೇ ಬೆಂಬಲ ನಿಂತಿದೆ, ಅದನ್ನ ಇಂಟರ್ನೆಟ್ಟಿಗೆ ಬಿಡಬಾರದು ಅಂತ ನೆಟ್ ವೈರ್ ಕಿತ್ತಿಟ್ಟಿದ್ದೆ. ಹಾಗಾಗಿ ಫೋನಲ್ಲೇ ಮಾಡಿದೆವು. ಪರದೆ ಮೇಲೆ ಆರಾರು ಅಂಕಿಯ ಒಂಬತ್ತು ಗುಂಪು, ಒಟ್ಟು 54. ಚಿಕ್ಕಪ್ಪ ಕನ್ನಡಕ ಏರಿಸಿಕೊಂಡು ಒಂದೊಂದೇ ಓದಿದರು, ನಾನು ಫೋನಲ್ಲಿ ಒತ್ತಿದೆ. ಆ ಕಡೆಯಿಂದ ಮಷಿನ್ ದನಿ ಏಳು ಗುಂಪು ವಾಪಸ್ ಓದಿತು. ರೀಲು ಬಿಚ್ಚಿದಂತೆ ಓದುತ್ತೆ ಮಾರಾಯ್ರೆ, ಮದುವೆ ಕಾರ್ಡಿನ ಹಿಂಬದಿ ಮೇಲೆ ಬರ್ಕೊಂಡೆ. ಮೊದಲ ಸಲಕ್ಕೇ ಆಯ್ತು.

ಆಮೇಲೆ ಡಾಂಗಲ್. ಅದರ ಬೆನ್ನಿಗೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕೇಬಲ್. ಪೇಜ್‌ಮೇಕರ್ ತೆರೆದು 2011ರ ಫೋಲ್ಡರಿಗೆ ಹೋಗಿ ಆ ತಿಥಿ ಕಾರ್ಡಿನ ಫೈಲ್ ಒತ್ತಿದೆವು. ಎರಡು ಸೆಕೆಂಡ್ ಬಿಳೀ ಪುಟ. ಅಂಚಿನ ಬಳ್ಳಿ ಮೊದಲು ಬಂತು, ಆಮೇಲೆ ಫೋಟೋದ ಚೌಕ, ಕೊನೆಗೆ ಅಕ್ಷರ. ದಪ್ಪ ದಪ್ಪಗೆ, ಒತ್ತುಗಳು ಸ್ವಲ್ಪ ಕೆಳಕ್ಕೆ ಜೋತುಬಿದ್ದಿರೋ ಅದೇ ಅಕ್ಷರ. ನಾನು ಚಿಕ್ಕವನಿದ್ದಾಗ ನಮ್ಮ ಮನೆಗೆ ಬರ್ತಿದ್ದ ಎಲ್ಲ ಕಾರ್ಡೂ ಹೀಗೇ ಇರ್ತಿದ್ದವು. ಚಿಕ್ಕಪ್ಪ ಏನೂ ಮಾತಾಡದೆ ಕುರ್ಚಿ ಎಳೆದುಕೊಂಡು, ಅಪ್ಪನ ಹೆಸರು ಅಳಿಸಿ ಅವ್ವನ ಹೆಸರು ಹೊಡೆಯಲು ಶುರು ಮಾಡಿದರು. ಕೀಬೋರ್ಡ್ ಕಡೆ ನೋಡಲೇ ಇಲ್ಲ.

ಸೋಮವಾರ ಬೆಳಗ್ಗೆ ಇನ್ನೊಂದು ವಿಷಯ ಗೊತ್ತಾಯ್ತು. ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳೋಕೆ ಉಳಿಸಿಡೋ ವಿಂಡೋಸ್ 10ರ ರಿಸ್ಟೋರ್ ಪಾಯಿಂಟುಗಳೆಲ್ಲ ಖಾಲಿ. ಎಕ್ಸ್‌ಪಿ ಒಂದು ಸಲ ಆ ಪಾರ್ಟಿಷನ್ ನೋಡಿದರೆ ಸಾಕು, ಆ ಪಾಯಿಂಟುಗಳನ್ನ ಇಡೋ ಹೊಸ ಥರದ ಶ್ಯಾಡೋ ಕಾಪಿ ಅದಕ್ಕೆ ಅರ್ಥ ಆಗದೆ ಅಳಿಸಿಹೋಗುತ್ತೆ. ರಿಜಿಸ್ಟ್ರಿಯಲ್ಲಿ ಆ ಡ್ರೈವನ್ನ ಎಕ್ಸ್‌ಪಿಗೆ ಕಾಣದಂತೆ ಮಾಡೋ ದಾರಿ ಇದೆ, ಅದನ್ನ ಮಾಡಿದೆ. ಎರಡು ಕಡೆಗೂ ಫೈಲ್ ಸಾಗಿಸೋಕೆ ಒಂದು ಸಣ್ಣ ಫ್ಯಾಟ್32 ಪಾರ್ಟಿಷನ್ ಇಟ್ಟೆ. ಗಡಿಯಾರದ ಗೊಡವೆ ಇರಲಿಲ್ಲ. ಬೇಸಿಗೆಗೆ ಒಂದು ಗಂಟೆ ಹಿಂದೆ ಮುಂದೆ ಮಾಡೋ ದೇಶಗಳಲ್ಲಿ ಎರಡು ವಿಂಡೋಸೂ ಪೈಪೋಟಿಯಲ್ಲಿ ಟೈಮ್ ತಿದ್ದುತ್ತವೆ, ನಮಗೆ ಆ ಕಾಟ ಇಲ್ಲ.

ಮಾನಿಟರ್ ಅಂಚಿಗೆ ಒಂದು ಚೀಟಿ ಅಂಟಿಸಿದೆ. "ಮೇಲಿಂದು ಹೊಸದು. ಕೆಳಗಿಂದು ಹಳೇದು. 30 ಸೆಕೆಂಡ್ ಟೈಮ್." ಹನ್ನೊಂದು ಗಂಟೆಗೆ ಪಂಚೆಯವರು ಬಂದರು. ಎರಡೂ ಕಾರ್ಡನ್ನ ಪಕ್ಕ ಪಕ್ಕ ಹಿಡಿದು ಬಹಳ ಹೊತ್ತು ನೋಡಿದರು. "ಅದೇಯ" ಅಂದರು, ದುಡ್ಡು ಎಣಿಸಿಕೊಟ್ಟು ಕಟ್ಟು ತಗೊಂಡು ಹೋದರು.

ಶ್ರಾವಣ ಕಳೆಯೋ ಹೊತ್ತಿಗೆ ಚಿಕ್ಕಪ್ಪ ಮತ್ತೆ ಫೋನ್ ಮಾಡಿದರು. ಗಿರಾಕಿಯೊಬ್ಬ ಇಮೇಲಲ್ಲಿ ಫೋಟೋ ಕಳಿಸಿದ್ದನಂತೆ, ಅದನ್ನ ತೆಗೆಯೋದು ಹೇಗೆ ಅಂತ. ಹೊಸ ಕಡೆ ಹೋಗಿ ತೆಗೀರಿ ಅಂದೆ. "ಓ, ಅದೊಂದದಲ್ವಾ" ಅಂದರು. ಇಪ್ಪತ್ತು ದಿನದಿಂದ ಹಳೇ ಕಡೆಯಲ್ಲೇ ಇದ್ದರಂತೆ. ಚೀಟಿ ಬಿದ್ದುಹೋಗಿತ್ತಂತೆ.